ಕುದುರೆಮುಖದಲ್ಲಿ ಕಣಿವೆಯಲ್ಲಷ್ಟೇ ಕಾಡು, ಗುಡ್ಡದ ನೆತ್ತಿಯಲ್ಲಿ ಬರೀ ಹುಲ್ಲು. ಯಾಕೆ?

ಮರ ಕಡಿದು ಬೋಳಾಗಿದ್ದಲ್ಲ. ನೀರು, ಬೆಂಕಿ ಎರಡೂ ಸೇರಿ ಹಾಕಿದ ಗಡಿ ಅದು. ಈ ಕಣಿವೆ ಕಾಡಿಗೆ ಶೋಲಾ ಅಂತಾರೆ.

ಗುಡ್ಡದ ಮೇಲೆ ಮಣ್ಣಿನ ಪದರ ತೆಳು, ಗಾಳಿ ಜಾಸ್ತಿ. ಮಳೆಗಾಲದಲ್ಲಿ ಎಷ್ಟೇ ಸುರಿದರೂ ಬೇಸಿಗೆ ಹೊತ್ತಿಗೆ ಹುಲ್ಲು ಒಣಗಿ ತರಗಾಗಿರುತ್ತದೆ, ಒಂದು ಕಿಡಿ ಸಾಕು. ಆದರೆ ಹುಲ್ಲಿನ ಚಿಗುರೊಡೆಯುವ ಭಾಗ ಇರುವುದು ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು. ಬೆಂಕಿ ಮೇಲಿಂದ ಸರ‍್ರನೆ ಓಡಿಹೋಗುತ್ತದೆ, ಬುಡ ಉಳಿಯುತ್ತದೆ, ಮೊದಲ ಮಳೆಗೆ ಮತ್ತೆ ಹಸಿರು. ಅಲ್ಲೇ ಮೊಳೆತ ಶೋಲಾ ಮರದ ಸಸಿಗೆ ಈ ಅನುಕೂಲ ಇಲ್ಲ, ತೊಗಟೆ ತೆಳು, ತುದಿಯ ಚಿಗುರು ಸುಟ್ಟರೆ ಬಹುಪಾಲು ಅಲ್ಲಿಗೇ ಮುಗಿಯಿತು.

ಕಣಿವೆಯ ಕಥೆಯೇ ಬೇರೆ. ಮಣ್ಣು ಆಳ, ತರಗೆಲೆಯೂ ತೇವ, ಹಾಗಾಗಿ ಬೆಂಕಿ ಸಾಮಾನ್ಯವಾಗಿ ಕಾಡಿನ ಅಂಚಿಗೆ ಬಂದು ನಂದುತ್ತದೆ.

ಇದೇ ಥರದ ಹುಲ್ಲು-ಶೋಲಾ ಇರುವ ನೀಲಗಿರಿ ಬೆಟ್ಟಗಳ ಜೌಗು ಮಣ್ಣಿನಲ್ಲಿ 20,000 ವರ್ಷ ಹಿಂದಿನ ಹುಲ್ಲಿನ ಗುರುತು ಸಿಕ್ಕಿದೆ. ಅದಕ್ಕೇ ಹುಲ್ಲುಗಾವಲನ್ನು ‘ಖಾಲಿ ಜಾಗ’ ಅಂದುಕೊಂಡು ಸುಮ್ನೆ ಅಕೇಶಿಯಾ ನೆಡುವುದು ನನಗಂತೂ ಸರಿ ಕಾಣುವುದಿಲ್ಲ. ತುಂಗಾ, ಭದ್ರಾ ಹುಟ್ಟುವುದು ಇದೇ ಹುಲ್ಲು-ಶೋಲಾ ಗುಡ್ಡಗಳಲ್ಲಿ ಅಲ್ವಾ?