ಪ್ರಶ್ನೆ: ಪವಿತ್ರ ಗುರುವಾರ (ಯೇಸುವಿನ ಶಿಲುಬೆ ಮರಣ ನೆನೆಯುವ ಶುಭ ಶುಕ್ರವಾರದ ಹಿಂದಿನ ದಿನ) ವಿರಾಜಪೇಟೆಯ ಚರ್ಚಿನಲ್ಲಿ ಗುರುಗಳು ಜನರ ಕಾಲು ತೊಳೆಯುವುದೇಕೆ? ದೇವರು ಎಲ್ಲರನ್ನೂ ಪ್ರೀತಿಸಿದರೆ ತಪ್ಪು-ಸರಿ ಎಂಬುದೇ ಇಲ್ಲವೇ?

ಉತ್ತರ: ಇದಕ್ಕೆ ಆಧಾರ ಯೋಹಾನನ ಸುವಾರ್ತೆಯ 13ನೇ ಅಧ್ಯಾಯ. ಆ ಕಾಲದಲ್ಲಿ ಕಾಲು ತೊಳೆಯುವುದು ಆಳಿನ ಕೆಲಸ. ಯೇಸು ಮೇಲುಡುಪು ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ತನ್ನ ಶಿಷ್ಯರಿಗೆ ಅದನ್ನೇ ಮಾಡಿದ. ಅವನನ್ನು ವಿರೋಧಿಗಳಿಗೆ ಹಿಡಿದುಕೊಡಲಿದ್ದ ಶಿಷ್ಯ ಯೂದನೂ ಆಗ ಅಲ್ಲೇ ಇದ್ದ. ಅವನು ಎದ್ದುಹೋದದ್ದು ಆಮೇಲೆ. ಯೋಗ್ಯತೆ ನೋಡಿ ಹಂಚುವ ಪ್ರೀತಿ ಅದಲ್ಲ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ನನಗೆ ಕಾಣುವುದಿಲ್ಲ.

ಕಥೋಲಿಕ ಚರ್ಚಿನಲ್ಲಿ ಈ ವಿಧಿ ಪ್ರಬೋಧನೆಯ ನಂತರ ಬರುತ್ತದೆ. 2016ರವರೆಗೆ ನಿಯಮದಲ್ಲಿ ಗಂಡಸರಷ್ಟೇ ಇದ್ದರು. ಪೋಪ್ ಫ್ರಾನ್ಸಿಸ್ ಅದನ್ನು ಬದಲಿಸಿದ ಮೇಲೆ ಹೆಂಗಸರು, ಮಕ್ಕಳು, ರೋಗಿಗಳನ್ನೂ ಕೂರಿಸಬಹುದು. ಊರಿನ ಗಣ್ಯರನ್ನೇ ಆರಿಸಿದರೆ ಅರ್ಥ ತಲೆಕೆಳಗು. ತೋಟದ ಯಜಮಾನರ ಪಕ್ಕದಲ್ಲೇ ಲೈನ್‌ಮನೆಯ ಕಾರ್ಮಿಕರೂ ಕೂರಬೇಕು.

ಇನ್ನು ತಪ್ಪು-ಸರಿ. ‘ತೀರ್ಪು ಮಾಡಬೇಡಿ’ ಎನ್ನುವ ಮತ್ತಾಯ 7:1ಕ್ಕೇ ಹಲವರು ನಿಲ್ಲುತ್ತಾರೆ. ಐದನೇ ವಚನ, ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಗ ಸಹೋದರನ ಕಣ್ಣಿನ ರವೆ ತೆಗೆಯಲು ಸ್ಪಷ್ಟವಾಗಿ ಕಾಣುತ್ತದೆ ಎನ್ನುತ್ತದೆ. ಅಂದರೆ ತಪ್ಪು ತಪ್ಪೇ. ಮನುಷ್ಯನ ಬೆಲೆ ಕಟ್ಟುವ ಅಧಿಕಾರ ಮಾತ್ರ ನಮ್ಮದಲ್ಲ. ಕ್ರೈಸ್ತ ನಂಬಿಕೆಯಲ್ಲಿ ಕೊನೆಯ ತೀರ್ಪೂ ಇದೆ, ಅದು ದೇವರದು. ಅಲ್ಲಿಯವರೆಗೆ ಆತನ ಮಳೆ ನೀತಿವಂತರ ಮೇಲೂ ಅನೀತಿವಂತರ ಮೇಲೂ ಸುರಿಯುತ್ತದೆ (ಮತ್ತಾಯ 5:45). ಜುಲೈ ತಿಂಗಳ ಕೊಡಗಿನಲ್ಲಿ ಈ ಮಾತಿಗೆ ವ್ಯಾಖ್ಯಾನ ಬೇಕಾಗಿಲ್ಲ.

ಕಾಲು ತೊಳೆಯುವುದು ದೀನತೆಯ ಪಾಠವೂ ಹೌದು. ಆದರೆ ‘ನಾನು ಕೆಲಸಕ್ಕೆ ಬಾರದವನು’ ಎಂದು ಹಲುಬುವುದು ದೀನತೆಯಲ್ಲ. ಅದರಲ್ಲೂ ಗಮನವೆಲ್ಲ ‘ನಾನು’ ಎಂಬುದರ ಮೇಲೇ ಇರುತ್ತದೆ.