ಕುಲುಮೆ ಆರಿದ ಊರಿನ ಮತ

ಪ್ರಶ್ನೆ: ನಮ್ಮ ತಂದೆ ಕುದುರೆಮುಖದ ಗಣಿಯಲ್ಲಿ ದುಡಿದವರು. ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಗಣಿಗಳೂ ಉಕ್ಕಿನ ಕಾರ್ಖಾನೆಗಳೂ ಮುಚ್ಚಿದ್ದರಿಂದ ಕಾರ್ಮಿಕರು ತಲೆಮಾರುಗಳಿಂದ ನಂಬಿದ್ದ ಲೇಬರ್ ಪಕ್ಷವನ್ನು ಬಿಟ್ಟರೆಂದು ಓದಿದ್ದೇನೆ. ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಕಾಂಗ್ರೆಸ್ಸಿನ ಕೈತಪ್ಪಿದ್ದಕ್ಕೂ ಗಣಿ ನಿಂತದ್ದೇ ಕಾರಣವೇ?
– ಓದುಗರೊಬ್ಬರು, ಕಳಸ

ಉತ್ತರ: ಕಾರಣವಲ್ಲ, ಇಸವಿಗಳನ್ನು ನೋಡಿದರೆ ಅದು ಸ್ಪಷ್ಟವಾಗುತ್ತದೆ. ಕುದುರೆಮುಖದಲ್ಲಿ ಗಣಿಗಾರಿಕೆ ನಿಂತದ್ದು ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ. ಆದರೆ 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿದ್ದ ಈ ಕ್ಷೇತ್ರ 1996ರಲ್ಲೇ ಜನತಾದಳದ ಬಿ.ಎಲ್. ಶಂಕರ್ ಅವರನ್ನು ಆರಿಸಿತ್ತು. 1998, 1999 ಮತ್ತು 2004ರಲ್ಲಿ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪನವರನ್ನು ಸತತವಾಗಿ ಗೆಲ್ಲಿಸಿತ್ತು. ಗಣಿ ನಿಂತ ಮೇಲೆ ಕುದುರೆಮುಖದಲ್ಲಿ ಮತದಾರರು ಪಕ್ಷ ಬದಲಿಸಿದರು ಎನ್ನುವುದಕ್ಕಿಂತ ಮತದಾರರೇ ಊರು ಬಿಟ್ಟರು ಎನ್ನುವುದು ಸರಿ. ಸ್ವಯಂ ನಿವೃತ್ತಿ ಪಡೆದವರು, ವರ್ಗವಾಗಿ ಮಂಗಳೂರಿಗೆ ಇಳಿದವರು ಹೋದ ಮೇಲೆ ಟೌನ್‌ಶಿಪ್ಪಿನ ಕ್ವಾರ್ಟರ್ಸುಗಳು ಖಾಲಿಯಾದವು. ನಿಮ್ಮ ಮನೆಯವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ ಕೂಡ ‘ಕಾರ್ಖಾನೆ ಮುಚ್ಚಿತು, ಪಕ್ಷ ಸೋತಿತು’ ಎಂಬಷ್ಟು ನೇರವಾಗಿ ಎಲ್ಲವೂ ನಡೆದಿಲ್ಲ. ಉತ್ತರ ಸಮುದ್ರದ ದಡದ ರೆಡ್‌ಕಾರ್ ಎಂಬ ಉಕ್ಕಿನ ಪಟ್ಟಣವನ್ನು ನೋಡಿ. ಆ ಕ್ಷೇತ್ರ 1974ರಲ್ಲಿ ರಚನೆಯಾದಂದಿನಿಂದ 2010ರವರೆಗೆ ಲೇಬರ್ ಪಕ್ಷದ ಬಳಿಯೇ ಇತ್ತು. 2010ರ ಫೆಬ್ರುವರಿಯಲ್ಲಿ ಅಲ್ಲಿನ ದೊಡ್ಡ ಊದುಕುಲುಮೆಯನ್ನು (ಅದಿರಿನಿಂದ ಕಬ್ಬಿಣ ಕರಗಿಸುವ ಬ್ಲಾಸ್ಟ್ ಫರ್ನೇಸ್) ನಿಲ್ಲಿಸಲಾಯಿತು. ಆಗ ದೇಶವನ್ನು ಆಳುತ್ತಿದ್ದದ್ದು ಲೇಬರ್. ಮೂರೇ ತಿಂಗಳಲ್ಲಿ ಬಂದ ಚುನಾವಣೆಯಲ್ಲಿ ಜನ ಲಿಬರಲ್ ಡೆಮಾಕ್ರಾಟರನ್ನು ಗೆಲ್ಲಿಸಿದರು. ಇಷ್ಟನ್ನೇ ನೋಡಿದರೆ ನಿಮ್ಮ ಮಾತು ಸರಿ. ಆದರೆ 2012ರಲ್ಲಿ ಮತ್ತೆ ಹೊತ್ತಿಕೊಂಡ ಆ ಕುಲುಮೆ ಶಾಶ್ವತವಾಗಿ ಆರಿದ್ದು 2015ರ ಶರತ್ಕಾಲದಲ್ಲಿ, ಲೇಬರ್‌ನ ಮುಖ್ಯ ಎದುರಾಳಿಯಾದ ಕನ್ಸರ್ವೇಟಿವ್ ಪಕ್ಷದ ಸರ್ಕಾರದ ಕಾಲದಲ್ಲಿ. ಅದೇ ಪಕ್ಷದ ಅಭ್ಯರ್ಥಿಯನ್ನು ಅದೇ ಜನ 2019ರಲ್ಲಿ ಗೆಲ್ಲಿಸಿದರು! ಕೆಲಸ ಹೋದ ಸಿಟ್ಟೊಂದರಿಂದಲೇ ಇದು ಅರ್ಥವಾಗುವುದಿಲ್ಲ. ನಡುವೆ 2016ರ ಜನಮತಗಣನೆಯಲ್ಲಿ ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಪರವಾಗಿ ಆ ಸೀಮೆಯ ಜನ ದೊಡ್ಡ ಬಹುಮತದಿಂದ ಮತ ಹಾಕಿದ್ದರು. ಆ ತೀರ್ಪಿನ ಬಗ್ಗೆ ಲೇಬರ್ ಪಕ್ಷ ಹೊಯ್ದಾಡುತ್ತಿತ್ತು. ಅದಕ್ಕೂ ಆಳದಲ್ಲಿ ಇನ್ನೊಂದು ಸಂಗತಿ ಇದೆ. ಅಲ್ಲಿ ಪಕ್ಷವೆಂದರೆ ಪಾಳಿ ಮುಗಿಸಿದ ಮೇಲೆ ಸೇರುವ ಕಾರ್ಮಿಕರ ಕ್ಲಬ್, ಸಂಬಳಕ್ಕಾಗಿ ಹೋರಾಡುವ ಯೂನಿಯನ್. ಅಪ್ಪ ಯೂನಿಯನ್ನಿನಲ್ಲಿದ್ದ, ಗೋದಾಮಿನಲ್ಲಿ ದಿನಗೆಲಸ ಮಾಡುವ ಮಗನಿಗೆ ಯೂನಿಯನ್ ಇಲ್ಲ, ಹಾಗಾಗಿ ಅವನಿಗೆ ಪಕ್ಷ ಬರೀ ಅಪ್ಪನ ನೆನಪಾಯಿತು.

ನಮ್ಮ ಜಿಲ್ಲೆಗೆ ಹೋಲಿಕೆ ಬೇಕಿದ್ದರೆ ಅದನ್ನು ಗಣಿಯಲ್ಲಿ ಹುಡುಕುವುದಕ್ಕಿಂತ ಗೇಣಿಯಲ್ಲಿ ಹುಡುಕುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಕಾಯ್ದೆಯಿಂದ ಗೇಣಿದಾರನ ಹೆಸರು ಪಹಣಿಗೆ ಬಂತು, ಆ ಋಣಕ್ಕೆ ಒಂದು ತಲೆಮಾರು ಕಾಂಗ್ರೆಸ್ಸಿಗೆ ನಿಷ್ಠವಾಗಿತ್ತು. ಮಗನ ಕಾಲಕ್ಕೆ ಆ ಜಮೀನು ಪಾಲಾಗಿ ಹಂಚಿಹೋಗಿತ್ತು, ಋಣದ ನೆನಪು ಮಸುಕಾಗಿತ್ತು. ಅಷ್ಟರಲ್ಲಿ ಬಾಬಾಬುಡನ್‌ಗಿರಿಯ ವಿವಾದ ಎದ್ದಿತ್ತು, ಜನತಾದಳ ಒಡೆದಿತ್ತು. ಈ ಎಲ್ಲವೂ ಸೇರಿ ತೊಂಬತ್ತರ ದಶಕದಲ್ಲಿ ಕ್ಷೇತ್ರದ ಒಲವು ತಿರುಗಿತು.

ಪ್ರಶ್ನೆ: 2024ರಲ್ಲಿ ಅಲ್ಲಿನ ಕಾರ್ಮಿಕ ಪ್ರದೇಶಗಳು ಮತ್ತೆ ಲೇಬರ್‌ಗೆ ಮರಳಿದವಲ್ಲ, ಅಂದರೆ ಹಳೆಯ ನಂಟು ಮರುಕಳಿಸಿತೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸ್ಥಾನಗಳು ಮರಳಿದವು, ನಂಟು ಮರಳಿತೆನ್ನಲು ಆಧಾರ ಸಾಲದು. ದೇಶದಾದ್ಯಂತ ಲೇಬರ್ ಪಡೆದ ಮತ 2019ರಲ್ಲಿ ಸುಮಾರು ಶೇ. 32, 2024ರಲ್ಲಿ ಸುಮಾರು ಶೇ. 34, ಸ್ಥಾನಗಳು ಮಾತ್ರ ಇನ್ನೂರರ ಆಸುಪಾಸಿನಿಂದ ನಾನೂರು ದಾಟಿದವು. ನಮ್ಮಲ್ಲಿರುವಂತೆ ಅಲ್ಲಿಯೂ ಹೆಚ್ಚು ಮತ ಬಿದ್ದವರೇ ಗೆಲ್ಲುವುದರಿಂದ, ಬಲಪಂಥೀಯ ರಿಫಾರ್ಮ್ ಪಕ್ಷ ಶೇ. 14ರಷ್ಟು ಮತ ಸೆಳೆದು ಕನ್ಸರ್ವೇಟಿವರ ಬುಟ್ಟಿಯನ್ನು ಒಡೆದದ್ದು ಲೇಬರ್‌ಗೆ ಅನುಕೂಲವಾಯಿತು. ಮರುವರ್ಷ ಮೇ ತಿಂಗಳಲ್ಲಿ ವಾಯುವ್ಯ ಇಂಗ್ಲೆಂಡಿನ ರನ್‌ಕಾರ್ನ್ ಉಪಚುನಾವಣೆಯಲ್ಲಿ ಅದೇ ರಿಫಾರ್ಮ್ ಲೇಬರನ್ನು ಆರು ಮತಗಳಿಂದ ಸೋಲಿಸಿತು.

ನಮ್ಮ ಮತದಾರರೂ ಹೀಗೆಯೇ ಎರಡು ತಕ್ಕಡಿ ಇಟ್ಟುಕೊಂಡಿದ್ದಾರೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಐದೂ ಕ್ಷೇತ್ರಗಳಲ್ಲಿ ಕಾಂಗ್ರೆಸ್ ಗೆದ್ದಿತು. ಒಂದೇ ವರ್ಷದಲ್ಲಿ ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ಕೋಟ ಶ್ರೀನಿವಾಸ ಪೂಜಾರಿಯವರು ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಆಯ್ಕೆಯಾದರು.