ಹೇನು ಬರುವುದೇ ಇಲ್ಲ ಅಂದರೆ ಹೇಗೆ?

ಜತ್ತ ತಾಲೂಕಿನಿಂದ ಬರೆದ ಗೆಳೆಯರೇ,

ನಿಮ್ಮ ‘ಗೋಧಿಗೆ ನಿರೋಧಕ ತಳಿಯೇ ರಾಮಬಾಣ!!!’ ಲೇಖನ ಓದಿದೆ. ಭಾಷೆ ಸರಳವಾಗಿದೆ. ಮಾವಾ, ಅಂದರೆ ಗಿಡದ ರಸ ಹೀರುವ ಸಸ್ಯಹೇನು, ಬಿದ್ದ ಎಲೆಯ ಅಂಟಿನ ಮೇಲೆ ಕಪ್ಪು ಬೂಷ್ಟು ಕೂತದ್ದನ್ನು ಚೆನ್ನಾಗಿ ಬರೆದಿದ್ದೀರಿ. ಆದರೆ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂತು.

‘ನಿರೋಧಕ ತಳಿಗೆ ಹೇನು ಬರುವುದೇ ಇಲ್ಲ.’ ಯಾರು ಹೇಳಿದರು? ರೆಕ್ಕೆಯ ಹೇನು ಗಾಳಿಯಲ್ಲಿ ತೇಲಿ ಬಂದು ಯಾವ ತಳಿಯ ಮೇಲಾದರೂ ಇಳಿಯುತ್ತದೆ. ಆಮೇಲಿನದ್ದೇ ಕಥೆ. ಸೊಂಡಿಲು ಚುಚ್ಚಿ ನೋಡಿ, ರುಚಿಸದೆ ಎದ್ದು ಹೋಗಬಹುದು. ಅಲ್ಲೇ ಉಳಿದರೂ ಮರಿ ಕಡಿಮೆ ಹಾಕಬಹುದು, ಹಾಕಿದ ಮರಿ ನಿಧಾನ ಬೆಳೆಯಬಹುದು. ಇಲ್ಲವೇ ಮೈತುಂಬ ಹೇನಿದ್ದರೂ ಗಿಡ ತಾಳಿಕೊಂಡು ಕಾಳು ಕಟ್ಟಬಹುದು. ಅಮೆರಿಕದ ಕೀಟತಜ್ಞ ರೆಜಿನಾಲ್ಡ್ ಪೇಂಟರ್ 1951ರಲ್ಲೇ ಈ ಮೂರನ್ನು ಬಿಡಿಸಿ ಹೇಳಿದ್ದರು. ನಿಮ್ಮ ತಳಿ ಇದರಲ್ಲಿ ಯಾವ ಬಗೆಯದು?

‘ಒಮ್ಮೆ ಬಿತ್ತಿದರೆ ಶಾಶ್ವತ ಪರಿಹಾರ.’ ಅಮೆರಿಕದ ಕೊಲರಾಡೊದಲ್ಲಿ ರಷ್ಯನ್ ಗೋಧಿ ಹೇನಿಗೆ ಜಗ್ಗದ ‘ಹಾಲ್ಟ್’ ತಳಿ ಬಂದದ್ದು 1994ರಲ್ಲಿ. 2003ಕ್ಕೆ ಅದನ್ನೂ ಹಾಳುಮಾಡುವ ಹೊಸ ಬಗೆಯ ಹೇನು ಅದೇ ರಾಜ್ಯದಲ್ಲಿ ಸಿಕ್ಕಿತು. ಮರಿ ಹಾಕಲು ಈ ಹುಳಕ್ಕೆ ಗಂಡೇ ಬೇಕಿಲ್ಲ. ಹೊಟ್ಟೆಯೊಳಗಿನ ಮರಿಯ ಹೊಟ್ಟೆಯಲ್ಲೂ ಮರಿ ಬೆಳೆಯುತ್ತಿರುತ್ತದೆ. ಇದರ ಮುಂದೆ ‘ಶಾಶ್ವತ’ ಅನ್ನುವುದಕ್ಕೆ ಧೈರ್ಯ ಬೇಕು, ಅಲ್ವಾ?

‘ಹೇನಿನ ಸಂಖ್ಯೆ ಕಡಿಮೆ ಕಂಡುಬಂದಿದೆ.’ ಯಾರಿಗೆ? ಯಾವಾಗ? ಎಲೆಯಲ್ಲೋ, ತೆನೆಯಲ್ಲೋ? ಗೋಧಿಯ ಎಳೆ ಸಸಿಯಲ್ಲಿ ಡಿಂಬೋವಾ ಎಂಬ ರಾಸಾಯನಿಕ ಇರುತ್ತದೆ, ಅದು ಹೇನಿಗೆ ಆಗಿಬರುವುದಿಲ್ಲ. ಗಿಡ ಬಲಿತಂತೆ ಅದು ಇಳಿಯುತ್ತದೆ. ಹಾಗಾಗಿ ಸಸಿಯ ಲೆಕ್ಕ ತೆನೆಗೆ ನಡೆಯುವುದಿಲ್ಲ.

ನಾನು ಸೊಲ್ಲಾಪುರದಲ್ಲಿ ಒಬ್ಬ ಹಿರಿಯ ಸಂಪಾದಕರ ಕೈಕೆಳಗೆ ಕೆಲಸ ಕಲಿತವನು. ‘ಕಂಡುಬಂದಿದೆ’ ಅಂತ ಬರೆದರೆ ಹಾಳೆ ವಾಪಸ್. ಒಮ್ಮೆ ಕೈಗೆ ಭೂತಗನ್ನಡಿ ಕೊಟ್ಟು ಅಕ್ಕಲಕೋಟೆ ಹತ್ತಿರದ ಕುಸುಬೆ ಹೊಲಕ್ಕೆ ಅಟ್ಟಿದರು. ಮುಳ್ಳು ಚುಚ್ಚಿ ಕೈಯೆಲ್ಲ ಉರಿ. ಆದರೆ ಕಪ್ಪು ಹೇನೊಂದು ಮರಿ ಹಾಕುವುದನ್ನು ಅಲ್ಲೇ ಕಣ್ಣಾರೆ ನೋಡಿದೆ. ಮರಿ ಹಿಂಭಾಗ ಮೊದಲಾಗಿ ಹೊರಬಂತು, ಕಾಲು ಬಿಡಿಸಿಕೊಂಡಿತು, ತಾಯಿಯ ಪಕ್ಕದಲ್ಲೇ ಕೂತಿತು. ಆ ವಾರದ ಲೇಖನದಲ್ಲಿ ಅವರು ಒಂದು ಸಾಲನ್ನೂ ಹೊಡೆಯಲಿಲ್ಲ.

ನೀವೂ ಈ ಹಿಂಗಾರಿಯಲ್ಲಿ ಒಂದೇ ಹೊಲದಲ್ಲಿ ಎರಡು ತಳಿ ಒಂದೇ ದಿನ ಬಿತ್ತಿ. ಸಸಿಯಿದ್ದಾಗ ಎಣಿಸಿ, ತೆನೆ ಬಂದ ಮೇಲೂ ಎಣಿಸಿ. ಹೇನು ತಿನ್ನುವ ಗುಲಗಂಜಿ ಹುಳ ಎಷ್ಟಿವೆ ಅಂತಲೂ ನೋಡಿ. ಮತ್ತೆ, ಕಳೆದ ಸಲ ಔಷಧಿ ಹೊಡೆದಿದ್ದಿರೋ ಇಲ್ಲವೋ? ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ.